ಶೇಂಗಾ ಗಿಡವೂ ಸೇಬಿನ ಚಿತ್ರವೂ

ಕಳೆದ ವರ್ಷದ ಬೇಸಿಗೆಯಲ್ಲಿ ನನ್ನ ಮೊಮ್ಮಗಳನ್ನು ಪಟ್ಟಣದ ಒಂದು ಶಾಲೆಗೆ ‘ಸಂದರ್ಶನ’ಕ್ಕೆಂದು ಕರೆದುಕೊಂಡು ಹೋಗಿದ್ದೆವು. ಆಗ ಅವಳಿಗೆ ನಾಲ್ಕೂವರೆ ವರ್ಷ. ನಾಲ್ಕೂವರೆ ವರ್ಷದವರನ್ನು ಸಂದರ್ಶಿಸಿ ತಿಳಿದುಕೊಳ್ಳಬೇಕಾದ್ದು ಏನಿರುತ್ತದೆ ಎಂದು ಕೇಳುವ ಧೈರ್ಯ, ಮೂವತ್ತೊಂದು ವರ್ಷ ಮೇಷ್ಟರ ಕೆಲಸ ಮಾಡಿ ನಿವೃತ್ತನಾದ ನನಗೂ ಆ ದಿನ ಬರಲಿಲ್ಲ. ಮೇಜಿನ ಆ ಕಡೆ ಕುಳಿತಿದ್ದ ಹೆಣ್ಣುಮಗಳು ಹೊಳಪು ಹಾಳೆಯ ಚಿತ್ರಪಟವೊಂದನ್ನು ತೆಗೆದು ಮಗುವಿನ ಮುಂದೆ ಹಿಡಿದಳು. ಬಟ್ಟಲಿನಂಥ ಅಚ್ಚುಕಟ್ಟಾದ ಗೂಡು. ಅದರೊಳಗೆ ಮೂರು ನೀಲಿ ಮೊಟ್ಟೆ. “ವಾಟ್ ಈಸ್ ದಿಸ್?” ಎಂದು ಕೇಳಿದಳು. ಮಗು ಪಟವನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿತು. ಆಮೇಲೆ, “ಇದು ಗೀಜಗಂದಲ್ಲ. ಕಾಗೇದೂ ಅಲ್ಲ. ಯಾವ ಹಕ್ಕೀದು?” ಎಂದಿತು. ಆಕೆ ಮತ್ತೆ ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ ಹಾಕಿದಳು. ಮಗುವೂ ಮತ್ತೆ ಕನ್ನಡದಲ್ಲಿ ಅದೇ ಪ್ರಶ್ನೆ ಹಾಕಿತು. ಮೂರನೆಯ ಸಲ ಕೇಳುವ ವ್ಯವಧಾನ ಇಬ್ಬರಿಗೂ ಇರಲಿಲ್ಲ. ನಮೂನೆಯ ಕಾಗದದಲ್ಲಿ ‘ಉತ್ತರಿಸಲಿಲ್ಲ’ ಎಂಬರ್ಥದ ಗುರುತು ಬಿತ್ತು.

ಆ ಮೊಟ್ಟೆಗಳು ಅಮೆರಿಕದ ರಾಬಿನ್ ಹಕ್ಕಿಯವು. ಹಾಗೆಂದು ನನಗೂ ಮನೆಗೆ ಬಂದು ಪುಸ್ತಕ ತೆಗೆದು ನೋಡಿದ ಮೇಲೆಯೇ ತಿಳಿದದ್ದು. ನಾಯಕನಹಟ್ಟಿಯ ಮಗು ಆ ಗೂಡನ್ನು ಗುರುತಿಸಲಾರದು. ಆದರೆ ತಾನು ಕಂಡ ಎರಡು ಗೂಡುಗಳ ಜೊತೆ ಅದನ್ನು ಹೋಲಿಸಿ, ಇದು ಮೂರನೆಯದು ಎಂದು ನಿಶ್ಚಯಿಸಿ, ಹಾಗಾದರೆ ಯಾರದು ಎಂದು ಕೇಳಿತು. ವಿಜ್ಞಾನಿಗಳು ಮಾಡುವುದೂ ಇದನ್ನೇ ಎಂದು ನಾನು ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೆ. ಅಂಥ ಪ್ರಶ್ನೆಗೆ ಸೊನ್ನೆ ಕೊಡುವ ಕಡೆ ಮಗುವನ್ನು ಬಿಟ್ಟುಬರಲು ಮನಸ್ಸು ಒಪ್ಪಲಿಲ್ಲ. ಮಗಳು, ಅಳಿಯ, ನಾನು ಮೂವರೂ ಕೂತು ಮಾತಾಡಿ, ಆರು ತುಂಬುವವರೆಗೆ ಇವಳು ಮನೆಯಲ್ಲಿಯೇ ಇರಲಿ ಎಂದು ತೀರ್ಮಾನ ಮಾಡಿದೆವು.

ಊರಿನಲ್ಲಿ ಇದೊಂದು ಸುದ್ದಿಯೇ ಆಯಿತು. “ಏನ್ ಮೇಷ್ಟ್ರೇ, ಊರಿನ ಮಕ್ಕಳಿಗೆಲ್ಲ ಅಕ್ಷರ ಹೇಳಿದೋರು, ಮನೆ ಮಗೂನ ಇಸ್ಕೂಲಿಗೆ ಹಾಕಲ್ವಂತೆ?” ಎಂದು ಹೊರಮಠದ ಕಡೆ ಸಂಜೆ ಹೊರಟರೆ ನಾಲ್ಕು ಜನ ಕೇಳುತ್ತಾರೆ. ಮನೆಯಲ್ಲಿಯೇ ಕಲಿಸುತ್ತೇವೆ ಎಂದರೆ, “ಮನೆಪಾಠವೇ?” ಎನ್ನುತ್ತಾರೆ. ನಮ್ಮಲ್ಲಿ ಮನೆಪಾಠ ಎಂಬ ಒಳ್ಳೆಯ ಮಾತಿಗೆ ಟ್ಯೂಷನ್ ಎಂದೇ ಅರ್ಥ ಉಳಿದುಹೋಗಿದೆ: ಶಾಲೆ ಮುಗಿದ ಮೇಲೂ ಬೆನ್ನು ಬಿಡದ ಶಾಲೆ!

ನಾಯಕನಹಟ್ಟಿ ಎಂದರೆ ಬೆಂಗಳೂರು ಮೈಸೂರುಗಳಲ್ಲಿ ಈ ಪುಟ ಓದುತ್ತಿರುವವರಲ್ಲಿ ಬಹಳ ಮಂದಿಗೆ ತಿಪ್ಪೇರುದ್ರಸ್ವಾಮಿಯ ತೇರು, ಬೆಂಕಿಗೆ ಬೀಳುವ ಕೊಬ್ಬರಿಯ ರಾಶಿ, ಪಾಲ್ಗುಣದ ಬಿಸಿಲು ಇಷ್ಟೇ ನೆನಪಾಗಬಹುದು. ಚಳ್ಳಕೆರೆ ತಾಲ್ಲೂಕಿನ ಈ ಊರಿಗೆ ಈಗ ಪಟ್ಟಣ ಪಂಚಾಯಿತಿ ಬಂದಿದೆ. ಅದರ ಜೊತೆಗೆ ಪಟ್ಟಣದ ಖಾಯಿಲೆಗಳೂ ಬಂದಿವೆ. ಬೆಳಗ್ಗೆ ಏಳೂವರೆಗೆ ಬೀದಿಯಲ್ಲಿ ಹಳದಿ ವ್ಯಾನುಗಳು ಹಾರನ್ನು ಹಾಕುತ್ತವೆ. ಮೂರು ವರ್ಷದ ಕೂಸುಗಳನ್ನು ಕೊರಳಿಗೆ ಟೈ ಕಟ್ಟಿ, ನಿದ್ದೆಗಣ್ಣಿನಲ್ಲಿಯೇ ಎತ್ತಿ ಒಳಗೆ ಹಾಕುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗ ವ್ಯಾನು ಹತ್ತುವ ಮುಂಚೆ ದಿನವೂ ಒಂದು ಸಲ ವಾಂತಿ ಮಾಡಿಕೊಳ್ಳುತ್ತಾನೆ. ಅವನ ತಾಯಿ ಅದಕ್ಕೆಂದೇ ಒಂದು ಟವೆಲನ್ನು ಬಾಗಿಲಲ್ಲಿ ಇಟ್ಟಿದ್ದಾಳೆ. “ಅಭ್ಯಾಸ ಆಗುತ್ತೆ ಬಿಡಿ ಮೇಷ್ಟ್ರೇ” ಎನ್ನುತ್ತಾಳೆ. ಆಕೆ ಕೆಟ್ಟ ತಾಯಿಯಲ್ಲ. ಶೇಂಗಾ ಸುಲಿಯುವ ಮಿಲ್ಲಿನಲ್ಲಿ ದುಡಿದು ಆ ಶುಲ್ಕ ಕಟ್ಟುತ್ತಿದ್ದಾಳೆ. ತಾನು ಓದಲಾಗದ ಇಂಗ್ಲಿಷು ಮಗನ ಬಾಯಲ್ಲಿ ಬರಲಿ ಎಂಬ ಆಸೆಗೆ ಯಾರು ಕಲ್ಲು ಹಾಕಿಯಾರು? ನನ್ನ ಜಗಳ ಆಕೆಯ ಮೇಲಲ್ಲ, ಆಕೆಗೆ ಹೀಗೆ ನಂಬಿಸಿದವರ ಮೇಲೆ.

ಕಾನೂನು ಕೂಡ ಇಷ್ಟು ಅವಸರ ಮಾಡಿಲ್ಲವಲ್ಲ! ಕಡ್ಡಾಯ ಶಿಕ್ಷಣದ ಕಾಯಿದೆ 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು ಹೇಳುವುದು ಆರರಿಂದ ಹದಿನಾಲ್ಕು ವರ್ಷದವರ ಮಾತು. ನಮ್ಮ ಸರ್ಕಾರವೂ ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂದು 2022ರಲ್ಲಿ ಆಜ್ಞೆ ಮಾಡಿತು. ಕೂಡಲೇ ಪೋಷಕರ ಕೂಗು ಎದ್ದಿತು. ಕೊನೆಗೆ 2025-26ನೆಯ ಸಾಲಿಗೆ ಆ ವಯಸ್ಸನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಬೇಕಾಯಿತು. ಏಳು ತಿಂಗಳು! ಎಪ್ಪತ್ತು ವರ್ಷ ಬಾಳಬೇಕಾದ ಜೀವಕ್ಕೆ ಏಳು ತಿಂಗಳು ಮುಂಚೆ ಬೆಂಚು ಸಿಗದಿದ್ದರೆ ಏನೋ ಕಳೆದುಹೋಗುತ್ತದೆ ಎಂದು ವಿದ್ಯಾವಂತರೇ ಬೀದಿಗೆ ಬಂದದ್ದನ್ನು ನೋಡಿ, ಎರಡೆರಡು ಪದವಿ ಪಡೆದವರಿಗೂ ಶಾಲೆಯೆಂದರೆ ರೈಲುಗಾಡಿ ಎಂಬ ಭಾವನೆಯೇ ಉಳಿದಿದೆಯಲ್ಲ ಎನ್ನಿಸಿತು.

ಇಷ್ಟು ಹೇಳಿದ ಮೇಲೆ, ನನ್ನನ್ನು ತಮ್ಮ ಪಂಗಡದವನೆಂದು ಎಣಿಸಿ ಕೈ ಹಿಡಿಯಲು ಬಂದವರ ಮಾತನ್ನೂ ಹೇಳಬೇಕು. ಮಗುವನ್ನು ಶಾಲೆಗೇ ಕಳಿಸದೆ ಮನೆಯಲ್ಲಿ ಕಲಿಸುವವರ ಬಳಗವೊಂದು ಬೆಂಗಳೂರಿನಂಥ ನಗರಗಳಲ್ಲಿ ಬೆಳೆದಿದೆ. ಅಳಿಯನ ಗೆಳೆಯರೊಬ್ಬರು ಅದಕ್ಕೆ ಸೇರಿದವರು. ನಮ್ಮ ವಿಷಯ ಕೇಳಿ ಸಂತೋಷಪಟ್ಟು ಒಂದು ಪೆಟ್ಟಿಗೆಯ ತುಂಬ ಚಿತ್ರಪುಸ್ತಕ ಕಳಿಸಿಕೊಟ್ಟರು. ಸುಳ್ಳೇಕೆ ಹೇಳಲಿ, ಪುಸ್ತಕಗಳು ಬಹಳ ಚೆನ್ನಾಗಿದ್ದವು. ಅಂಥ ಕಾಗದ, ಅಂಥ ಬಣ್ಣ ನನ್ನ ಬಾಲ್ಯದಲ್ಲಿ ಕಂಡದ್ದಿಲ್ಲ. ಆದರೆ ಪುಟ ತಿರುಗಿಸುತ್ತ ಹೋದರೆ ಹಿಮ, ಹಿಮದ ಮೇಲೆ ನರಿ. ಓಕ್ ಮರ, ಓಕ್ ಕಾಯಿ ಹೊತ್ತ ಅಳಿಲು. ಎಲೆಯುದುರುವ ಮಾಸ, ಕುಂಬಳಕಾಯಿಯ ದೀಪ. ಪೆಟ್ಟಿಗೆಯ ತಳದಲ್ಲಿ ‘ಪ್ರಕೃತಿ ಪಾಠ’ದ ಒಂದು ಪಟ್ಟಿಯೂ ಇತ್ತು: ಯಾವ ತಿಂಗಳು ಯಾವ ಹೂವು ನೋಡಬೇಕು, ಯಾವ ಹಕ್ಕಿಯ ಹೆಸರು ಬರೆಯಬೇಕು ಎಂದು. ಏಪ್ರಿಲ್ ತಿಂಗಳಿಗೆ ‘ಕೆಸರಿನ ಹೊಂಡದಲ್ಲಿ ಕುಣಿಯಿರಿ’ ಎಂದಿತ್ತು. ಏಪ್ರಿಲ್‌ನಲ್ಲಿ ನಮ್ಮೂರಿನಲ್ಲಿ ಕುಡಿಯುವ ನೀರಿಗೇ ಟ್ಯಾಂಕರಿನ ಮುಂದೆ ಕೊಡದ ಸಾಲು ನಿಂತಿರುತ್ತದೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು.

ಈ ಪಟ್ಟಿಗಳ ಹಿಂದೆ ಇರುವ ಹೆಸರು ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ಎಂಬಾಕೆಯದು. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಈ ಮಹಾಉಪಾಧ್ಯಾಯಿನಿ, ಆರು ವರ್ಷದವರೆಗೆ ಮಗುವಿಗೆ ಕ್ರಮಬದ್ಧ ಪಾಠ ಬೇಡ, ಅದು ಬಯಲಿನಲ್ಲಿರಲಿ, ಕಂಡದ್ದನ್ನು ತಾನೇ ಹೇಳಲಿ ಎಂದು ವಾದಿಸಿದವಳು. ನಾನು ಅವಳ ಮಾತನ್ನು ಒಪ್ಪುತ್ತೇನೆ. ಅವಳು ಬಾಳಿದ್ದು ಇಂಗ್ಲೆಂಡಿನ ಸರೋವರಗಳ ಸೀಮೆಯಲ್ಲಿ. ತನ್ನ ಬಾಗಿಲ ಮುಂದಿನ ಹೂವನ್ನು ತನ್ನ ಮಕ್ಕಳಿಗೆ ತೋರಿಸಿದಳು. ಅವಳನ್ನು ಅನುಸರಿಸುವುದೆಂದರೆ ನಮ್ಮ ಬಾಗಿಲ ಮುಂದಿನ ಎಕ್ಕದ ಗಿಡವನ್ನು ತೋರಿಸುವುದು. ಅವಳ ಹೂವಿನ ಪಟ್ಟಿಯನ್ನು ನಕಲು ಮಾಡಿ ಗೋಡೆಗೆ ಅಂಟಿಸಿದರೆ, ಅದು ಚಿತ್ರಪಟದ ರಾಬಿನ್ ಮೊಟ್ಟೆಯೇ ಆಯಿತು. ಶಾಲೆ ಬದಲಾಗಿ ಮನೆ ಎಂಬುದಷ್ಟೇ ವ್ಯತ್ಯಾಸ.

ನಮ್ಮ ಮನೆಯಲ್ಲಿ ಕಳೆದ ಮುಂಗಾರಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದನ್ನು ಹೇಳದೆ ನನ್ನ ವಾದ ನಿಲ್ಲುವುದಿಲ್ಲ.

ಚಳ್ಳಕೆರೆ ಸೀಮೆ ಶೇಂಗಾದ ಸೀಮೆ. ಎಣ್ಣೆ ಗಿರಣಿಗಳಿಂದಲೇ ಆ ಊರಿಗೆ ಹೆಸರು ಬಂದದ್ದು. ನಮಗೆ ಎರಡೆಕರೆ ಕೆಂಪು ಭೂಮಿ ಇದೆ. ಬಿತ್ತನೆಯ ದಿನ ಮೊಮ್ಮಗಳು ತಾನೂ ಹತ್ತು ಬೀಜ ಹಾಕಿದಳು, ಹಿತ್ತಲಿನಲ್ಲಿ ಬೇರೆ ಒಂದು ಮಡಿ ಮಾಡಿಕೊಂಡು. ಏಳು ಮೊಳೆತವು. ಉಳಿದ ಮೂರು ಏಕೆ ಬರಲಿಲ್ಲವೆಂದು ಕೆದಕಿ ನೋಡಿದಾಗ ಒಂದನ್ನು ಇರುವೆ ತಿಂದಿತ್ತು, ಒಂದು ಕೊಳೆತಿತ್ತು, ಇನ್ನೊಂದು ಸಿಕ್ಕಲೇ ಇಲ್ಲ. ಸುಮಾರು ಒಂದು ತಿಂಗಳಿಗೆ ಹಳದಿ ಹೂವು ಬಂದವು. ಒಂದು ಹೂವಿಗೆ ಅವಳು ಕೆಂಪು ದಾರ ಕಟ್ಟಿದಳು, ಅಲ್ಲಿ ಕಾಯಿ ಬಿಡುವುದನ್ನು ನೋಡಬೇಕೆಂದು. ಹುಣಿಸೆಯಲ್ಲಿ, ಬದನೆಯಲ್ಲಿ, ಅವರೆಯಲ್ಲಿ ಹೂವಿದ್ದ ಕಡೆಯೇ ಕಾಯಿ ಕಂಡವಳಿಗೆ ಬೇರೆ ಹೇಗೆ ತೋಚೀತು? ಮಾರನೆಯ ದಿನ ಹೂವು ಬಾಡಿತು. ಮಗು ಅಳುಮುಖ ಮಾಡಿತು. ನಾನು ಸುಮ್ಮನಿದ್ದೆ. ಮೇಷ್ಟರಾಗಿದ್ದವನಿಗೆ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಕೆಲವು ದಿನ ಕಳೆದ ಮೇಲೆ ದಾರ ಕಟ್ಟಿದ ಕಡೆಯಿಂದ ಸೂಜಿಯಂಥ ಒಂದು ಮೊನೆ ಹೊರಟಿತು. ಮೇಲಕ್ಕಲ್ಲ, ನೆಲದ ಕಡೆಗೆ! ದಿನದಿನಕ್ಕೂ ಇಳಿಯುತ್ತ ಬಂದು ಮಣ್ಣಿಗೆ ಚುಚ್ಚಿಕೊಂಡಿತು. “ತಾತ, ಅದು ಬೇರಾ?” ಎಂದಳು. “ಬೇರು ಹೂವಿನಿಂದ ಬರುತ್ತಾ?” ಎಂದೆ. ಯೋಚನೆ ಮಾಡಿ, “ಇಲ್ಲ” ಎಂದಳು. ಇನ್ನೊಂದು ಮೊನೆಯ ಕೆಳಗೆ, ಅದು ಮಣ್ಣು ಮುಟ್ಟದ ಹಾಗೆ, ಕಾಫಿಪುಡಿಯ ಡಬ್ಬಿಯ ಮುಚ್ಚಳವನ್ನು ಇಟ್ಟೆವು. ಈ ಉಪಾಯ ಮಾತ್ರ ನನ್ನದು. ಗಿಡ ಕೀಳುವ ದಿನ ಮಣ್ಣಿಗೆ ಇಳಿದ ಕಡೆ ಕಾಯಿ ಇತ್ತು. ಮುಚ್ಚಳದ ಮೇಲೆ ಒಣಗಿದ ಮೊನೆ ಇತ್ತು, ಕಾಯಿ ಇರಲಿಲ್ಲ. ಕೆಂಪು ದಾರ ಇನ್ನೂ ಹಾಗೆಯೇ ಇತ್ತು. ಮಗು ಅವತ್ತು ಇಡೀ ಬೀದಿಯನ್ನು ಕರೆದು ತೋರಿಸಿತು. ಶೇಂಗಾ ಬೆಳೆದು ತಲೆ ನರೆತ ರೈತರೊಬ್ಬರು ಮುಚ್ಚಳವನ್ನು ತಿರುಗಿಸಿ ನೋಡಿ, “ನಾನೂ ಇಷ್ಟು ವರ್ಷ ಕಿತ್ತೇ ಬಂದೆ, ಹೀಗೆ ಇಟ್ಟು ನೋಡ್ಲಿಲ್ಲ” ಎಂದರು.

ಈ ನಾಲ್ಕು ತಿಂಗಳಲ್ಲಿ ಅವಳು ಬರೆದ ಹದಿನೇಳು ಚಿತ್ರಗಳಿವೆ. ಮೊದಮೊದಲಿನವು ಗಿಡ ಎಂದು ಹೇಳಿದರೆ ಮಾತ್ರ ಗಿಡ. ಕೊನೆಯದರಲ್ಲಿ ಬೇರಿನ ಮೇಲಿನ ಸಣ್ಣ ಗಂಟುಗಳೂ ಇವೆ. ಆ ಗಂಟುಗಳಲ್ಲಿ ಇರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ ಎಂಬುದನ್ನು ನಾನು ಹೇಳಲಿಲ್ಲ. ಅದು ಹೈಸ್ಕೂಲಿನ ಮಾತು. ಗಂಟು ಇದೆ ಎಂದು ಕಂಡದ್ದು ಸಾಕು. ಹೈಸ್ಕೂಲಿನಲ್ಲಿ ನಾನು ಆ ಪಾಠ ಹೇಳುತ್ತಿದ್ದಾಗ, ಶೇಂಗಾ ಹೊಲದಿಂದಲೇ ಬಂದು ಕೂತ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಒಬ್ಬರನ್ನಾದರೂ ಒಂದು ಗಿಡ ಕಿತ್ತು ತಾ ಎಂದು ಕಳಿಸಿದವನಲ್ಲ ನಾನು. ಈಗ ಬೇರೆಯವರನ್ನು ಆಡಿಕೊಳ್ಳುವವನಿಗೆ ತನ್ನ ತಪ್ಪೂ ನೆನಪಿರಬೇಕು.

ಹಾಗಾದರೆ ಚಿತ್ರಪುಸ್ತಕ ಬೇಡವೆ? ಖಂಡಿತ ಬೇಕು. ‘ಗದ್ದೆಯೇ ಪುಸ್ತಕ, ಮರವೇ ಗುರು’ ಎಂದು ಭಾಷಣ ಮಾಡುವವರ ಜೊತೆಯೂ ನನಗೆ ಸರಿಬೀಳುವುದಿಲ್ಲ. ಅವರ ಮನೆಯಲ್ಲಿ ಸಾಮಾನ್ಯವಾಗಿ ಪುಸ್ತಕದ ಕಪಾಟು ಭರ್ತಿಯಾಗಿರುತ್ತದೆ. ಹೊರಗೆ ಕಂಡ ವಸ್ತು ಓಡುತ್ತದೆ, ಹಾರುತ್ತದೆ, ಬಾಡುತ್ತದೆ, ಚಿತ್ರ ನಿಲ್ಲುತ್ತದೆ. ನಿಂತದ್ದರ ಮುಂದೆ ಮಗು ಬೇಕಾದಷ್ಟು ಹೊತ್ತು ಕೂರಬಹುದು. ಕಮೇನಿಯಸ್ ಎಂಬ ಪಂಡಿತ 1658ರಲ್ಲಿಯೇ ಮಕ್ಕಳಿಗಾಗಿ ಲೋಕದ ವಸ್ತುಗಳ ಚಿತ್ರಪುಸ್ತಕವೊಂದನ್ನು ಮಾಡಿದ; ಅದರ ಹಿಂದಿದ್ದದ್ದು ಈ ತಿಳಿವೇ. ರವೀಂದ್ರನಾಥರು ಬಂಗಾಳಿ ಮಕ್ಕಳಿಗೆ ಬರೆದ ‘ಸಹಜ ಪಾಠ’ 1930ರಲ್ಲಿ ಬಂದಾಗ ಅದಕ್ಕೆ ನಂದಲಾಲ ಬೋಸರು ಚಿತ್ರ ಕೊರೆದರು. ಕಪ್ಪು ಬಿಳುಪಿನ ಚಿತ್ರಗಳು. ಬಂಗಾಳದ ದೋಣಿ, ಬಂಗಾಳದ ಗುಡಿಸಲು, ಬಂಗಾಳದ ಮಳೆ. ದೇಶದ ಅತಿ ದೊಡ್ಡ ಕಲಾವಿದರಲ್ಲಿ ಒಬ್ಬರಿಗೆ ಮಗುವಿನ ಬಾಲಬೋಧೆ ಸಣ್ಣ ಕೆಲಸವೆಂದು ತೋರಲಿಲ್ಲ. ಕನ್ನಡದ ಎಷ್ಟು ಬಾಲಬೋಧೆಗಳಿಗೆ ಅಂಥ ಭಾಗ್ಯ ಬಂದಿದೆ?

ನನಗೆ ಬೇಕಾದ ಚಿತ್ರಪುಸ್ತಕದಲ್ಲಿ ಬಯಲುಸೀಮೆ ಇರಬೇಕು. ಮೊದಲ ಮಳೆ ಬಿದ್ದೊಡನೆ ಕೆಂಪು ಮಖಮಲ್ಲಿನ ಚೂರಿನ ಹಾಗೆ ನೆಲದ ಮೇಲೆ ಹರಿದಾಡುವ ಆ ಸಣ್ಣ ಹುಳು ಇರಬೇಕು. ಎಕ್ಕದ ಎಲೆ ತಿಂದು ಬೆಳೆದು ಚಿಟ್ಟೆಯಾಗುವ ಪಟ್ಟೆಪಟ್ಟೆಯ ಕಂಬಳಿಹುಳು, ಅದೇ ಗಿಡದ ಮೇಲೆ ಹಳದಿ ನೀಲಿ ಬಣ್ಣ ಬಳಿದುಕೊಂಡು ಕೂತ ಮಿಡತೆ, ನುಣ್ಣನೆಯ ಧೂಳಿನಲ್ಲಿ ಆಲಿಕೆಯಂಥ ಕುಳಿ ತೋಡಿ ಇರುವೆಗಾಗಿ ಕಾಯುವ ಕಳ್ಳ, ಕೆರೆಯಂಗಳದಲ್ಲಿ ಕಾಲಿನ ಸದ್ದಾದರೆ ಸಾಕು ಕೂಗಾಡುವ ಟಿಟ್ಟಿಭ. ಕಾರೆಹಣ್ಣು, ಕವಳೆಹಣ್ಣು, ಬಾರೆಹಣ್ಣು. ಚಳ್ಳಕೆರೆಯ ಕಂಬಳಿ, ಮೊಳಕಾಲ್ಮುರಿನ ಮಗ್ಗ. ಕುರಿಯ ಮೈಮೇಲಿನ ಉಣ್ಣೆ ಹೇಗೆ ಕಂಬಳಿಯಾಗುತ್ತದೆ ಎಂಬ ಒಂದೇ ವಿಷಯಕ್ಕೆ ಇಪ್ಪತ್ತು ಪುಟ ಕೊಡಬಹುದು. ಅದರಲ್ಲಿ ಮಾತು ಬೇಕಾಗಿಯೇ ಇಲ್ಲ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೂ ಅವಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಸಾಹೇಬರು 1892ರಲ್ಲಿ ಪತ್ತೆ ಮಾಡಿದರು. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಬಂಡೆ ಹೇಳುತ್ತದೆ. ಮಗುವಿಗೆ ಇದಾವುದೂ ರುಚಿಸಲಿಲ್ಲ (ಗುರುವಿನ ವಿಷಯವನ್ನು ನಾನು ಎರಡು ಸಲ ಹೇಳಿದೆ). “ಇದನ್ನ ಯಾರು ಗೀಚಿದ್ದು?” ಎಂದು ಕೇಳಿತು. ಚಪಡ ಎಂಬ ಲಿಪಿಕಾರ, ತನ್ನ ಹೆಸರನ್ನೂ ಕೊನೆಯಲ್ಲಿ ಹಾಕಿದ್ದಾನೆ ಎಂದೆ. ಅಂದಿನಿಂದ ಅವಳ ಚಿತ್ರಗಳ ಕೆಳಗೆಲ್ಲ ಅವಳ ಹೆಸರು ಬರುತ್ತಿದೆ. ಅಕ್ಷರ ಕಲಿಸಿದ್ದು ಯಾರು ಎಂದು ಕೇಳುವವರಿಗೆ ನಾನು ಚಪಡನ ಹೆಸರು ಹೇಳುತ್ತೇನೆ.

ಇನ್ನು ನನ್ನ ವಾದಕ್ಕೆ ಬಿದ್ದ ಪೆಟ್ಟಿನ ಮಾತು. ಒಂದು ದಿನ ಮಗುವನ್ನು ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದೆ. ಕುರಿ ಹೊಡೆದುಕೊಂಡು ಬರುತ್ತಿದ್ದ ಪರಿಚಯದವರೊಬ್ಬರು ನಿಂತು ವಿಚಾರಿಸಿದರು. ಶಾಲೆ ಬೇಡವೆಂದು ಹೀಗೆ ಗಿಡ ಹಕ್ಕಿ ತೋರಿಸುತ್ತಿದ್ದೇನೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕೋಲಿನ ಮೇಲೆ ಗದ್ದ ಊರಿ ನಕ್ಕರು. “ನಮ್ಮ ಹುಡುಗ ಹದಿನಾಕು ವರ್ಷ ಇದನ್ನೇ ಕಲ್ತ ಮೇಷ್ಟ್ರೇ. ಯಾರೂ ಸರ್ಟಿಫಿಕೇಟು ಕೊಡ್ಲಿಲ್ಲ. ಈಗ ಬೆಂಗಳೂರಾಗೆ ಗಾರೆ ಕಲಸ್ತಾನೆ” ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಕಲಿಯುವುದು ಎಂಬುದು ನಮ್ಮ ಈ ಎರಡು ತಾಲ್ಲೂಕುಗಳಲ್ಲಿ ಹೊಸ ಪ್ರಯೋಗವೇ? ಮ್ಯಾಸನಾಯಕರ, ಕಾಡುಗೊಲ್ಲರ, ಕುರುಬರ ಹಟ್ಟಿಗಳಲ್ಲಿ ತಲೆಮಾರುಗಳ ಕಾಲ ಮಕ್ಕಳು ಮನೆಯಲ್ಲಿಯೇ, ಕಾವಲಿನಲ್ಲಿಯೇ ಕಲಿತರು. ದೇವರ ಎತ್ತುಗಳನ್ನು ಕಾಯುವ ಕಿಲಾರಿಗೆ ಹುಲ್ಲಿನ ಜಾತಿ, ದನದ ರೋಗ, ಮಳೆಯ ಲಕ್ಷಣ ಎಲ್ಲ ಗೊತ್ತು. ಆದರೆ ಅವರಿಗೆ ಶಾಲೆ ಬೇಡವೆನ್ನುವ ಆಯ್ಕೆ ಇರಲಿಲ್ಲ. ಶಾಲೆಯೇ ಅವರನ್ನು ಬೇಡವೆಂದಿತು. ಇಂದಿಗೂ ಹೆಣ್ಣುಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎಂದರೆ ಇಲ್ಲಿ ಅನೇಕ ಕಡೆ ಚಿತ್ರಪುಸ್ತಕವಲ್ಲ, ತಮ್ಮನನ್ನು ಎತ್ತಿಕೊಳ್ಳುವುದು, ಆಮೇಲೆ ಬೇಗ ಮದುವೆ. ನಾನು ನನ್ನ ಮೊಮ್ಮಗಳ ಹದಿನೇಳು ಚಿತ್ರಗಳ ಪುಸ್ತಕವನ್ನು ಆ ಕುರಿ ಕಾಯುವವರ ಮಗನ ಮುಂದೆ ಹಿಡಿದು ‘ನೋಡು, ಶಾಲೆಗಿಂತ ಬಯಲು ಮೇಲು’ ಎಂದರೆ, ಅದಕ್ಕಿಂತ ದೊಡ್ಡ ಅಪಹಾಸ್ಯ ಬೇರೊಂದಿಲ್ಲ. ನಗರದ ಮನೆಶಾಲೆಯ ಬಳಗದವರು ಸ್ವಾತಂತ್ರ್ಯದ ಮಾತು ಬಹಳ ಆಡುತ್ತಾರೆ. ಇಬ್ಬರು ಪದವೀಧರರು, ಒಬ್ಬರ ಸಂಬಳದಲ್ಲಿ ನಡೆಯುವ ಮನೆ, ಕೋಣೆಯ ತುಂಬ ಪುಸ್ತಕ ಇವು ಇದ್ದವರ ಸ್ವಾತಂತ್ರ್ಯ ಅದು. ಅದನ್ನು ಸಿದ್ಧಾಂತವೆಂದು ಕರೆದು ಎಲ್ಲರ ಮುಂದೆ ಸಾರುವ ಮುನ್ನ ಈ ಲೆಕ್ಕ ಒಪ್ಪಿಸಬೇಕು.

ಇಂಥ ಮಾತು ಬಂದಾಗ ಅವರು ಶಿವರಾಮ ಕಾರಂತರ ಹೆಸರನ್ನು ಮುಂದಿಡುವುದುಂಟು. ನಿಜ, ಕಾರಂತರು ಪುತ್ತೂರಿನ ಬಾಲವನದಲ್ಲಿ ತಮ್ಮ ಮಕ್ಕಳನ್ನು ಮೊದಮೊದಲ ವರ್ಷಗಳಲ್ಲಿ ಶಾಲೆಗೆ ಹಾಕದೆ ಮನೆಯಲ್ಲಿಯೇ ಬೆಳೆಸಿದರು. ಅವರ ಮಗ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಲ್ಲಿ ಜಗತ್ತಿನಲ್ಲಿ ಹೆಸರಾದ ವಿಜ್ಞಾನಿ. ಆ ಮನೆಯ ಬಾಲ್ಯವನ್ನು ಮಕ್ಕಳೇ 2021ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಆದರೆ ಕಾರಂತರನ್ನು ಸಾಕ್ಷಿಗೆ ಕರೆಯುವವರು ಅರ್ಧ ಸಾಕ್ಷ್ಯವನ್ನು ಮಾತ್ರ ಕೇಳುತ್ತಾರೆ. ಅವರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು 1936ರಲ್ಲಿ, ಅಂದರೆ ತಾವು ಮದುವೆಯಾದ ವರ್ಷದಲ್ಲಿ ಹೊರತಂದರು. ಆಗ ಅವರ ಮನೆಯಲ್ಲಿ ಮಗುವೇ ಇರಲಿಲ್ಲ! ನಾಡಿನ ಯಾವುದೋ ಮನೆಯ ಯಾವುದೋ ಮಗುವಿಗೆಂದು, ವಿಶ್ವವಿದ್ಯಾನಿಲಯಗಳು ಮಾಡಬೇಕಾದ ಕೆಲಸವನ್ನು ಒಬ್ಬರೇ ಕೂತು ಮಾಡಿದರು. ಬಾಲವನವನ್ನು ಕಟ್ಟಿದ್ದೂ ತಮ್ಮ ಮಕ್ಕಳಿಗೆಂದಲ್ಲ. ಊರ ಮಕ್ಕಳು ಬಂದು ಕುಣಿಯಲಿ, ನಾಟಕವಾಡಲಿ ಎಂದು. ಈ ಎರಡನೆಯ ಅರ್ಧವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳುವುದು, ಶೇಂಗಾದ ಹೂವು ಕಿತ್ತುಕೊಂಡು ಹೋಗಿ ಕಾಯಿಗೆ ಕಾದು ಕೂತ ಹಾಗೆ.

ನಮ್ಮ ಊರಿನ ಪಕ್ಕದಲ್ಲಿಯೇ ಕುದಾಪುರ. ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ದನ ಮೇಯುತ್ತಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಸಂಸ್ಥೆಗಳಿಗೆ ಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದದ್ದು 1,500 ಎಕರೆ. ಅಲ್ಲಿ ಶಾಲೆಗಳ ವಿಜ್ಞಾನ ಉಪಾಧ್ಯಾಯರಿಗೆ ತರಬೇತಿ ನಡೆಯುತ್ತದೆ; ಒಳ್ಳೆಯ ಕೆಲಸವೆಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಕಾವಲಿಗೆ ಗೋಡೆ ಬಿದ್ದ ಮೇಲೆ ಕೃಷ್ಣಮೃಗ ತೋರಿಸಬೇಕಾದರೆ ಎಲ್ಲಿಗೆ ಕರೆದುಕೊಂಡು ಹೋಗಲಿ? ಹುಲ್ಲಿನ ಹೆಸರುಗಳು ಕಿಲಾರಿಗಳ ಬಾಯಲ್ಲಿ ಇವೆ. ಹುಲ್ಲು ಹೋದ ಮೇಲೆ ಆ ಹೆಸರು ಎಷ್ಟು ದಿನ ಉಳಿದಾವು? ಗೋಡೆಯ ಒಳಗೆ ವಿಜ್ಞಾನ ಇದೆ, ಹೊರಗೆ ಎಲ್‌ಕೆಜಿ ವ್ಯಾನು ಇದೆ. ನಡುವೆ ಒಂದು ಬಾಗಿಲು ತೆಗೆದು, ತಿಂಗಳಿಗೊಂದು ದಿನ ಸುತ್ತಣ ಅಂಗನವಾಡಿಯ ಮಕ್ಕಳನ್ನು ಹುಲ್ಲುಗಾವಲಿನಲ್ಲಿ ಬಿಡಿ, ಒಬ್ಬ ಕಿಲಾರಿಯನ್ನು ಕರೆಸಿ ಸಂಭಾವನೆ ಕೊಟ್ಟು ಹೆಸರು ಹೇಳಿಸಿ ಎಂದು ನಾನು ಯಾರಿಗೆ ಅರ್ಜಿ ಬರೆಯಲಿ?

ಅಂಗನವಾಡಿಯ ಮಾತು ಬಂತು. ಅದು 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲಾದ ಯೋಜನೆ. ಐವತ್ತು ವರ್ಷಗಳಿಂದ ಊರೂರಿನ ಕೂಸುಗಳಿಗೆ ಊಟ ಹಾಕಿ, ತೂಕ ನೋಡಿ, ಹಾಡು ಹೇಳಿಕೊಟ್ಟವರು ಅಲ್ಲಿಯ ಕಾರ್ಯಕರ್ತೆಯರು. ಮಗುವಿನ ಮನೆಗೆ ಅದಕ್ಕಿಂತ ಹತ್ತಿರದ ಶಾಲೆ ಇಲ್ಲ. ಟೈ ಇಲ್ಲ, ವ್ಯಾನಿಲ್ಲ, ಸಂದರ್ಶನವಿಲ್ಲ. ಈಗ ಅಲ್ಲಿಯೂ ಎಲ್‌ಕೆಜಿ ಯುಕೆಜಿ ಎಂಬ ಫಲಕ ಹಾಕಲು ಹೊರಟಿದ್ದಾರೆ. ಫಲಕದ ಬದಲು ಮೂವತ್ತು ಒಳ್ಳೆಯ ಕನ್ನಡ ಚಿತ್ರಪುಸ್ತಕ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಪುಸ್ತಕ ಇಲ್ಲ ಎಂಬ ನೆಪವೂ ಈಗ ಇಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನವು ಕಡಿಮೆ ಬೆಲೆಗೆ ಸಿಗುತ್ತವೆ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ಎಂಬ ಹೆಸರಿನಲ್ಲಿ ಪುಸ್ತಕಗಳನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಲಿ, ಅನುವಾದಿಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದೆ. ಅದರಲ್ಲಿ ಕನ್ನಡದವೂ ಉಂಟು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಮಕ್ಕಳನ್ನು ಬರಮಾಡಿಕೊಳ್ಳಲಿ ಎಂದು ‘ಓದುವ ಬೆಳಕು’ 2020ರಲ್ಲಿ ಆರಂಭವಾಯಿತು. ದಾರಿ ಇದೆ; ನಡೆಯುವವರು ಬೇಕು.

ನಗರದ ಓದುಗರಲ್ಲಿ ಮಗುವನ್ನು ಮನೆಯಲ್ಲಿ ಕಲಿಸುತ್ತಿರುವವರಿದ್ದರೆ ಅವರಿಗೆ ನಾನು ಬಿಡಿ ಎನ್ನುವುದಿಲ್ಲ. ನೀವು ಬಲ್ಲದ್ದನ್ನು ಬೀದಿಗೆ ತನ್ನಿ ಎನ್ನುತ್ತೇನೆ. ನಿಮ್ಮ ಮಗುವಿಗೆ ಕಥೆ ಓದುವ ಹೊತ್ತಿಗೆ ಕಾವಲುಗಾರನ ಮಗುವನ್ನೂ, ಪಕ್ಕದ ಕಟ್ಟಡದಲ್ಲಿ ಗಾರೆ ಕಲಸುವವರ ಮಗುವನ್ನೂ ಕರೆಯಿರಿ. ಅವನು ನಮ್ಮ ಕಡೆಯವನೇ ಆಗಿರಬಹುದು; ನಿಮ್ಮ ಉದ್ಯಾನದ ಮರದಲ್ಲಿ ಕೂತ ಹಕ್ಕಿಯ ಹೆಸರನ್ನು ಅವನೇ ಹೇಳಿಯಾನು.

ನಾನು ಅಷ್ಟನ್ನು ಮಾಡಲು ಹೊರಟಿದ್ದೇನೆ. ಬೆಂಗಳೂರಿನ ಪೆಟ್ಟಿಗೆ ಈಗ ನಮ್ಮ ಬೀದಿಯ ಅಂಗನವಾಡಿಯಲ್ಲಿದೆ. ಹಿಮದ ನರಿಯ ಪುಸ್ತಕಕ್ಕೆ ಮಕ್ಕಳು ತಾವೇ ಕನ್ನಡದಲ್ಲಿ ಒಂದು ಕಥೆ ಕಟ್ಟಿಕೊಂಡಿದ್ದಾರೆ. ಅದರಲ್ಲಿ ಹಿಮ ಎಂದರೆ ಬಿಡಿಸಿದ ಹತ್ತಿ. ಶನಿವಾರ ಮಧ್ಯಾಹ್ನ ಹನ್ನೊಂದು ಮಕ್ಕಳು ಕೆರೆಯಂಗಳಕ್ಕೆ ಬರುತ್ತಾರೆ. ಗದ್ದ ಊರಿ ನಕ್ಕವರಿಗೆ ಹೇಳಿ ಕಳಿಸಿದೆ, ನೀವೂ ಬರಬೇಕು, ನನಗೆ ಅರ್ಧ ಗಿಡಗಳ ಹೆಸರು ಬಾರದು ಎಂದು. ಎರಡು ವಾರ ಬರಲಿಲ್ಲ. ಮೂರನೆಯ ವಾರ ಕುರಿಗಳ ಸಮೇತ ಬಂದರು. ಜೊತೆಯಲ್ಲಿ ಮೊಮ್ಮಗ ಇದ್ದ. ನಮ್ಮವಳ ವಯಸ್ಸಿನವನೇ. ಬರುವ ಜೂನ್‌ನಲ್ಲಿ ಇಬ್ಬರ ಹೆಸರನ್ನೂ ಊರಿನ ಸರ್ಕಾರಿ ಶಾಲೆಯಲ್ಲಿ ಒಂದೇ ದಿನ ಬರೆಸುವುದೆಂದು ಮಾತಾಗಿದೆ. ಅಲ್ಲಿ ನಲಿಕಲಿಯ ತರಗತಿ ಇದೆ, ಒಬ್ಬ ಒಳ್ಳೆಯ ಉಪಾಧ್ಯಾಯಿನಿ ಇದ್ದಾರೆ, ಒಂದು ಹೊಂಗೆಯ ಮರ ಇದೆ. ಗೀಜಗದ ಗೂಡು ಮಾತ್ರ ಇಲ್ಲ. ಅದು ಶಾಲೆಯ ಹಿಂದಿನ ಬಾವಿಯ ಈಚಲು ಮರದಲ್ಲಿದೆ ಎಂದು ಆ ಹುಡುಗ ಆಗಲೇ ನೋಡಿಕೊಂಡು ಬಂದಿದ್ದಾನೆ.